ಹೊಟ್ಟಿಯೊಳಗಿನ ಅರಿವಿ

ಕೌದಿಗೆ ಮಾರಿ ಹುಡುಕೂದು ಸಸಾರ.
ಗುಳೇದಗುಡ್ಡದ ಖಣದ ನಾಕು ಚೂರು,
ಹರದ ಪೋಲಕಾದ ತೋಳು,
ಮೂಲಿಗೊಂದು ಕುಂಚಗಿಯ ಜರಿ.
ನೋಡಾವ್ರು ಬರೇ ಅದನ್ನ ನೋಡತಾರ.

ನಾ ಮೊದಲ ಬೆನ್ನ ನೋಡತೇನಿ.
ಬೆನ್ನಿಗೆ ಇಳಕಲ್ಲ ಸೀರಿನ ಆಗಬೇಕು,
ಕೊಂಡಿ ಬಿಚ್ಚಿ ರೇಷ್ಮಿ ಸೆರಗ ಬ್ಯಾರೆ ಇಟ್ಟ ಮ್ಯಾಲ
ಉಳಿಯೂ ನೂಲಿನ ಮೈ.
ಬಿಸಲಿಗೆ ಹಿಡದರ ಆಚಿಕಡೆ ನಿಂತ ಕೋಳಿ ಕಾಣಬೇಕು,
ಬೊಟ್ಟ ಚುಚ್ಚಿದರ ಹರಿಯಬಾರದು.
ಅಷ್ಟ.

ಹೊಸಾ ಅರಿವಿ ತಂದಾವ್ರನ್ನ
ಕಟ್ಟಿ ಹತ್ತಗೊಡೂದಿಲ್ಲ ನಾನು.
ಗಂಜಿ ಕುಡದು ಬಿಗದಿರತೈತಿ ಅದು.
ಮೊದಲನೇ ತೊಳೆತಕ್ಕ ಕುಗ್ಗಿ
ನನ್ನ ಹೊಲಿಗಿನೆಲ್ಲಾ ತನ್ನ ಕಡೆ ಎಳಕೊಂಡು
ಮಾರಿ ಗಂಟ ಹಾಕೊಂಡು ಕುಂಡ್ರತೈತಿ,
ಊಟಕ್ಕ ಕರದಿಲ್ಲಂತ ಸಿಟ್ಟಾದ ಬೀಗಿತ್ತಿಹಂಗ.

ಇನ್ನ ಹೊಟ್ಟಿ.
ಒಳಗಿಂದು ಯಾರಿಗೂ ಕಾಣೂದಿಲ್ಲ,
ಅದಕ್ಕ ಎಲ್ಲಾರೂ ಅಲ್ಲೆ ಸುಳ್ಳ ತುಂಬಾಕ ನೋಡತಾರ.
ಮಗ್ಗದ ವೇಸ್ಟ್ ನೂಲು ತುಂಬಿದರ
ಆರು ತಿಂಗಳಿಗೆ ಮುದ್ದಿಮುದ್ದಿಯಾಗಿ
ಕಾಲಕಡೆ ಇಳದ ಬಿಡತೈತಿ.
ಒಬ್ಬಾವ ಇಲೆಕ್ಷನ್ ಬ್ಯಾನರ್ ತಂದಿದ್ದ, ದಪ್ಪ ಐತಿ ನೋಡ ಅಕ್ಕಾ ಅಂತ.
ತಗೊಂಡ ಹೋಗಪಾ, ಅಂದೆ,
ರಾತ್ರಿಯೆಲ್ಲಾ ಗರಗರ ಅಂತ ಭಾಷಣ ಮಾಡತೈತಿ,
ನಿದ್ದಿ ಯಾರು ಮಾಡೂದು?

ಧೋತರ, ಲುಂಗಿ, ಜೋಳದ ಹಿಟ್ಟಿನ ಚೀಲ.
ಬೆವರ ಕುಡಿಯಾಕ ಕಲತ ಅರಿವಿನ
ಬೆಚ್ಚಗ ಇಡಾಕೂ ಕಲತಿರತೈತಿ,
ಅಂತಾಳ ನನ್ನ ಜೋಡಿ ಹೊಲಿಯೂ ಮುಕ್ತುಂಬಿ.

ದೀಪಾವಳಿ ಆದ ವಾರಕ್ಕ
ಕಂಡಕ್ಟರ್ ಗದಿಗೆಪ್ಪ ಬಂದ.
ಕಂಕುಳಾಗ ಹೆಂಡತಿ ನೀಲವ್ವನ ಹಸರ ಸೀರಿ,
ಕೈಯಾಗ ನಾಕು ಜೋಡಿ ಖಾಕಿ, ಇಸ್ತ್ರಿ ಮಾಡಿದ್ದು.
ಇದು ಬೆನ್ನಿಗೆ, ಇದು ಹೊಟ್ಟಿಗೆ, ಅಂದ.
ಮೂವತ್ತೊಂದ ವರ್ಷ ಜಮಖಂಡಿ ಡಿಪೋ.
ವಾರದಾಗ ನಾಕು ರಾತ್ರಿ ಯಾವದೋ ಊರಾಗ ಹಾಲ್ಟ್,
ಹಿಂದಿನ ಸೀಟಿನ ಮ್ಯಾಲ ಮೊಣಕಾಲ ಮಡಚಿ ನಿದ್ದಿ.
ಈಗ ರಿಟೈರ್ಡ್.
ಮನ್ಯಾಗ ಹಾಸಿಗಿ ಮ್ಯಾಲ ಕಾಲ ಚಾಚಾಕ ಬರವಲ್ದಂತ.

ಖಾಕಿ ತಿಕ್ಕಿ ನೋಡಿದೆ. ಟೆರಿಕಾಟ್.
ನೂಲಿನ ನಡಕ ಟೆರಿಕಾಟ್ ನಿಲ್ಲೂದಿಲ್ಲ,
ಜಾರತೈತಿ, ಬೆವರ ಒಲ್ಲೆನಂತೈತಿ,
ಸೂಜಿ ಮುರೀತೈತಿ.
ಆಗೂದಿಲ್ಲ, ಅಂದೆ.
ಅಂವ ಮಾತಾಡಲಿಲ್ಲ. ಅಂಗಿ ಮಡಚಿದ,
ಬಿಚ್ಚಿದ, ಮತ್ತ ಮಡಚಿದ.

ಮುಕ್ತುಂಬಿ ಒಂದ ಪ್ಯಾಂಟ್ ಇಸಕೊಂಡು
ಕಿಸೆ ಹೊರಗ ತಗದಳು.
ಒಳಗಿನ ಅರಿವಿ ಕಾಟನ್!
ಒಂದ ಕಾಲಕ್ಕ ಬಿಳೇದಿತ್ತು,
ಚಿಲ್ಲರ ತಿಕ್ಕಿ ತಿಕ್ಕಿ ಕರ್ರಗ, ಮೆತ್ತಗ
ಹಸುಗೂಸಿನ ಕಿವಿಯಂಗ ಆಗಿತ್ತು.
ಮೂಸಿದೆ. ಕಬ್ಬಿಣದ ವಾಸನಿ, ಒಂದೀಟ ತಂಬಾಕಿಂದು.

ಎಂಟು ಕಿಸೆ ಬಿಚ್ಚಿ ಬಿಡಿಸಿ ಹಾಸಿದೆವು.
ಮುತ್ತಗದ ಎಲಿಯಷ್ಟಾತು ಒಂದೊಂದು.
ಕೌದಿ ತುಂಬಾಕ ಎಲ್ಲಿ ಸಾಲಬೇಕು?
ಉಳದದ್ದಕ್ಕ ಅವನವ ಎರಡು ಧೋತರ ಹಾಕಿ
ಎದಿ ಬರೂ ಜಾಗಾದಾಗ ಕಿಸೆ ಜೋಡಿಸಿದೆ.
ಮ್ಯಾಲ ಖಣ ಮುಚ್ಚಿತು,
ಕೆಳಗ ನೀಲವ್ವನ ಸೀರಿ ಮುಚ್ಚಿತು.
ಅಕ್ಕಿಕಾಳ ಹೊಲಿಗಿ ಹಾಕೊಂತ ಹೋದಂಗ
ಅಲ್ಲೆ ಬಂದಾಗೊಮ್ಮೆ ಸೂಜಿ
ತಾನ ಸಾವಕಾಶ ಆಗತಿತ್ತು,
ಗತಿನಿರೋಧಕ ಬಂದ ಬಸ್ಸಿನಂಗ.

ಸಂಕ್ರಮಣದ ಮುಂದ ಬಂದು ಒಯ್ದ.
ಒಂಬೈನೂರಾ ಎಂಬತ್ತು.
ಐನೂರರ ಎರಡ ನೋಟ ಕೊಟ್ಟ.
ನನ್ನ ಕಡೆ ಚಿಲ್ಲರ ಇರಲಿಲ್ಲ.
ಕ್ಯಾಲೆಂಡರ್ ಹಾಳಿ ಹರದು ಬರದೆ: ಬಾಕಿ ಇಪ್ಪತ್ತು.
ಇಳಿಯೂ ಮುಂದ ಕೇಳಿ ಇಸಕೊ, ಅಂದೆ.

ಮೂವತ್ತೊಂದ ವರ್ಷ ಮಂದಿಗೆ ಅಂದ ಮಾತು
ತನ್ನ ಕೈಯಾಗ ಚೀಟಿಯಾಗಿ ಬಂದದ್ದು ನೋಡಿ
ಗದಿಗೆಪ್ಪ ನಕ್ಕ,
ಕೌದಿ ಹೆಗಲಿಗೆ ಹಾಕೊಂಡು
ಬನಹಟ್ಟಿ ಸ್ಟ್ಯಾಂಡಿನ ಕಡೆ ಹೋಗದ
ಮನಿ ಕಡೆ ಹೊಂಟ.