ಒತ್ತಕ್ಷರ

ಶುಕ್ರವಾರ ಸಂಜೆ ಏಳಕ್ಕೆ ಇಂಚರ
ಹಣ ಪಾವತಿಯ ಹೊಸ ಲೈಬ್ರರಿ ಸೇರಿಸಿದಳು, ಒಂದೇ ಸಾಲು.
ಬಿಲ್ಡ್ ಹಸಿರಾಯಿತು. ನಾವು ಕೆಳಗಿಳಿದು
ಬ್ಯಾಟರಿ ಅಂಗಡಿ ಮುಂದೆ ನಿಂತು ಗೋಬಿ ತಿಂದು
ರಾಜಾಜಿನಗರದ ಮೆಟ್ರೋ ಹತ್ತಿದೆವು.

ಶನಿವಾರ ಆರೂವರೆಗೆ ಯಶವಂತಪುರದ ಮಂಡಿಯಿಂದ
ಗುಮಾಸ್ತ ಚನ್ನವೀರಪ್ಪನವರ ಫೋನು:
"ಅಮ್ಮಾ, ರಶೀದಿಯೊಳಗೆ ಒತ್ತೆಲ್ಲ ಉದುರಿಬಿಟ್ಟಿವೆ.
ಅಕ್ಕಿ ಅಂತ ಹೊಡೆದರೆ ಅಕ್‌ಕಿ.
ಬೆಳ್ಳುಳ್ಳಿಯಂತೂ ನೋಡಬಾರದು.
ಒಟ್ಟು ಅನ್ನೋದೇ ಒಟ್ಟಾಗಿಲ್ಲ."

ಹುಡುಕತೊಡಗಿದೆ.
ನಾವು ಬರೆದದ್ದು ಒಂಬತ್ತು ಸಾವಿರ ಸಾಲು,
ತಂದುಕೊಂಡದ್ದು ಹನ್ನೊಂದು ಲಕ್ಷ.
ಗೊತ್ತಿರಲಿಲ್ಲವೆಂದಲ್ಲ; ಎಣಿಸಿರಲಿಲ್ಲ,
ಚೀಟಿ ಎತ್ತಿದವರು ಬಾಕಿ ಕಂತು ಎಣಿಸದ ಹಾಗೆ.

ರಶೀದಿಯ ಲೈಬ್ರರಿ ಕೆಳಗೆ ಫಾಂಟಿನದು,
ಫಾಂಟಿನದರ ಕೆಳಗೆ ಅಕ್ಷರ ಜೋಡಿಸುವುದು,
ಅದಕ್ಕೂ ಕೆಳಗೆ, ನಮ್ಮ ಯಾವ ಪಟ್ಟಿಯಲ್ಲೂ ಹೆಸರಿಲ್ಲದ
ಇನ್ನೂರ ಹನ್ನೆರಡು ಸಾಲಿನ ಒಂದು ಪುಟಾಣಿ.
ಅದರ ಎರಡನೇ ಆವೃತ್ತಿ ಸಾಕು ಎನ್ನುತ್ತದೆ ರಶೀದಿ,
ಮೂರನೆಯದು ಬೇಕು ಎನ್ನುತ್ತದೆ ಪಾವತಿ.
ಬಿಲ್ಡ್ ಯಂತ್ರ ಪಂಚಾಯ್ತಿ ಸೇರಿಸಲಿಲ್ಲ,
ಯಾರನ್ನೂ ಕರೆಯಲಿಲ್ಲ. ಹೊಸದನ್ನೇ ಎತ್ತಿಕೊಂಡು
ಹಸಿರು ದೀಪ ತೋರಿಸಿತು.

ಮೂರನೆಯದರ ಬದಲಾವಣೆ ಪಟ್ಟಿಯ ಏಳನೇ ಸಾಲು:
"ಅಕ್ಷರದಡಿ ಅಕ್ಷರ ಕೂಡಿಸುವ ಭಾಗ ತೆಗೆದಿದ್ದೇನೆ.
ಯಾರೂ ಬಳಸುತ್ತಿರುವಂತೆ ಕಾಣಲಿಲ್ಲ."
ಬರೆದವನು ಎಲ್ಲೋ ಒಂದು ಚಳಿಯೂರಿನ ಒಬ್ಬನೇ ಒಬ್ಬ.
ಚಿತ್ರದಲ್ಲಿ ಮುಖವಿಲ್ಲ, ಒಂದು ದೋಣಿ.

ಸಿಟ್ಟು ಬಂತು. ಆಮೇಲೆ
ಅವನಿಗೆ ಬಂದ ಪತ್ರಗಳನ್ನೆಲ್ಲ ಕೂತು ಓದಿದೆ:
ದೂರು, ಮತ್ತೆ ದೂರು, ಇನ್ನೂ ಆಗಿಲ್ಲವಾ ಎಂಬ ಗದರು.
ನಮ್ಮ ಕಡೆಯಿಂದ ಒಂದು ಗೆರೆಯೂ ಇಲ್ಲ.
ಆರು ವರ್ಷ ಅವನ ಹೆಗಲ ಮೇಲೆ ಅಕ್ಕಿ ಮೂಟೆ ಹೊರಿಸಿದ್ದೇವೆ,
ಇದ್ದೇವೆ ಎಂದು ಕೆಮ್ಮಿ ಕೂಡ ತೋರಿಸಿಲ್ಲ.

"ಕಿತ್ತುಹಾಕಿ ನಾವೇ ಬರೆಯೋಣ" ಎಂದ ಪೊನ್ನಪ್ಪ.
ಅವನು ಎಲ್ಲದಕ್ಕೂ ಹಾಗೇ ಅನ್ನುವವನು,
ಕಾಫಿ ಯಂತ್ರಕ್ಕೂ.
"ಇನ್ನು ಎಲ್ಲ ಆವೃತ್ತಿಗೂ ಮೊಳೆ ಹೊಡೆದುಬಿಡಿ" ಎಂದಳು ನಸೀಮಾ,
ಮರುಕ್ಷಣ ತಾನೇ ತಲೆಯಾಡಿಸಿದಳು:
ಮೊಳೆ ಹೊಡೆದ ಬಾಗಿಲಿನಲ್ಲಿ
ರಿಪೇರಿಯವನೂ ಒಳಗೆ ಬರಲಾರ.
ಇಂಚರ ಮಾತಾಡಲಿಲ್ಲ,
ಲ್ಯಾಪ್‌ಟಾಪಿನ ಮೇಲಿನ ಸ್ಟಿಕ್ಕರು ಕೆರೆಯುತ್ತಿದ್ದಳು.

ಕೊನೆಗೆ ಅದೊಂದಕ್ಕೇ ಹೊಡೆದೆವು.
ಹಳೆಯದರ ಜೊತೆ ಪಾವತಿ ನಡೆಯುತ್ತದೋ ಎಂದು
ಮಧ್ಯಾಹ್ನವಿಡೀ ಇಂಚರ ನನಗೊಂದೊಂದೇ ರೂಪಾಯಿ
ಕಳಿಸಿ ಕಳಿಸಿ ನೋಡಿದಳು. ನಲವತ್ತೊಂದು ರೂಪಾಯಿ.
ಆ ಸಾಲಿನ ಪಕ್ಕ ಒಂದು ಟಿಪ್ಪಣಿ ಬರೆದಿಟ್ಟೆ:
ಇದನ್ನು ಮುಟ್ಟುವ ಮೊದಲು
ಬೆಳ್ಳುಳ್ಳಿ ಎಂದು ಮುದ್ರಿಸಿ ನೋಡಿ.

ದೋಣಿಯವನಿಗೂ ಬರೆದೆ, ರಾತ್ರಿ,
ಮೂರು ಸಲ ಅಳಿಸಿ. ನಾವು ಬಳಸುತ್ತೇವೆ.
ಇಗೋ ನಮ್ಮ ರಶೀದಿ, ಇದು ಅಕ್ಕಿ, ಇದು ಒಟ್ಟು.
ಉತ್ತರ ಬಂದಿಲ್ಲ.

ಸೋಮವಾರ ಮಂಡಿಗೆ ಹೋದೆ.
ಶನಿವಾರದ ರಶೀದಿಯ ನಕಲುಗಳು ತಂತಿಗೆ ಚುಚ್ಚಿಕೊಂಡು
ತೂಗುತ್ತಿದ್ದವು, ನೂರಾ ಮೂವತ್ತಾರು.
ಬಿಚ್ಚಿ ನೋಡಿದರೆ, ಅಷ್ಟರಲ್ಲೂ,
ಮುರಿದ ಪ್ರತಿ ಅಕ್ಷರದ ಕೆಳಗೆ
ಕೆಂಪು ಬಾಲ್‌ಪೆನ್ನಿನಲ್ಲಿ
ಚನ್ನವೀರಪ್ಪನವರೇ ಒತ್ತು ಕೊಟ್ಟಿದ್ದಾರೆ.
"ಹಂಗೇ ಕೊಡೋಕಾಗುತ್ತೇನಮ್ಮ,
ಓದೋರಿರ್ತಾರೆ" ಎಂದು
ಹೊಸ ಪೇಪರ್ ರೋಲಿನ ತುದಿ ಹುಡುಕತೊಡಗಿದರು.