ಎಣ್ಣೆ ಬಿಟ್ಟ ಮೇಲೆ

ಭಾನುವಾರ ಪಾರ್ಕಿಗೆ ಹೊರಟರೆ ನನ್ನ ಕೈಯಲ್ಲಿ
ಚಾಪೆ, ನೀರಿನ ಬಾಟಲಿ, ಚಕ್ಕುಲಿ ಡಬ್ಬಿ,
ಅತ್ತೆಯ ಮೊಣಕಾಲಿನ ಪಟ್ಟಿ.
ಹಾಲೇಶನ ಚೀಲದಲ್ಲಿ ಮಾತ್ರ
ಹನ್ನೆರಡು-ಹದಿಮೂರರ ಪಾನಾ, ಅರ್ಧ ಹಾಳೆ ಉಪ್ಪುಕಾಗದ,
ತಲೆಗೆ ಹಚ್ಚುವ ಎಣ್ಣೆಯ ಖಾಲಿ ಶೀಸೆಯಲ್ಲಿ
ಹೊಲಿಗೆ ಮಿಷನ್ನಿನ ಎಣ್ಣೆ.

ವಿನೋಬನಗರದ ಆ ಮೂಲೆ ಪಾರ್ಕಿನ ಜಾರುಬಂಡೆ,
ಎರಡು ಉಯ್ಯಾಲೆ, ಸೀಸಾ, ಕೋತಿ ಏಣಿ
ಎಲ್ಲ ಇವನ ಕೈಯಲ್ಲೇ ಬೆಸುಗೆಯಾದದ್ದು,
ಮಾಚೇನಹಳ್ಳಿಯ ಶೆಡ್ಡಿನಲ್ಲಿ, ಒಂಬತ್ತು ರಾತ್ರಿ.
ಇಂಚರ ಹೊಟ್ಟೆಯಲ್ಲಿದ್ದಳು ಆಗ.
ಇವನು ಉರಿಯುವ ಕಣ್ಣಿಗೆ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು
ಹಗಲೆಲ್ಲ ಅಂಗಾತ ಮಲಗಿರುತ್ತಿದ್ದ.

ಗೇಟಿನ ಪಕ್ಕ ಒಂದು ಕಪ್ಪು ಕಲ್ಲು:
ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು,
ಘನ ಉಪಸ್ಥಿತಿ, ಗುತ್ತಿಗೆದಾರರು.
ಓದು ಹತ್ತಿದ ಹೊಸದರಲ್ಲಿ ಇಂಚರ
ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು.
"ಮಹಾನಗರದಲ್ಲಿ ನಿನ್ನ ಹಾ ಇದೆ ಅಪ್ಪಾ,
ಲೇಶ ಇಲ್ಲ."
ಇವನು ನಕ್ಕ. ಕಲ್ಲಿನ ಮೇಲಿನ ಧೂಳನ್ನು
ಅಂಗಿ ತೋಳಿನಿಂದ ಒರೆಸಿದ, ಅಷ್ಟೇ.
ಗುತ್ತಿಗೆದಾರನಿಂದ ಇನ್ನೂ ಹನ್ನೊಂದು ಸಾವಿರ ಬರಬೇಕು.
ಅದನ್ನು ನಾನು ಪಾರ್ಕಿನಲ್ಲಿ ಎತ್ತಬಾರದು.

ಬೇರೆ ಗಂಡಸರು ಬೆಂಚಿನಲ್ಲಿ ಕೂತು ಫೋನು ತಿಕ್ಕುತ್ತಾರೆ.
ಇವನು ಜಾರುಬಂಡೆಯ ಅಡಿಗೆ ತೂರಿ
ಬೆಸುಗೆಯ ಗಂಟು ಸವರುತ್ತಾನೆ.
ಅಂಚು ತರಚೀತೆ ಎಂದು ನೋಡಲು ಮುಂಗೈಯನ್ನೇ ಒಡ್ಡುತ್ತಾನೆ,
ಅಂಗೈಗೆ ತಿಳಿಯುವುದಿಲ್ಲವಂತೆ, ಅದು ಸುಟ್ಟು ಸುಟ್ಟು
ಚಪ್ಪಲಿಯ ಅಟ್ಟೆಯಾಗಿದೆ.
ಜನ ನೋಡುತ್ತಾರೆ. ಒಮ್ಮೆ ಒಬ್ಬ ತಾಯಿ
ಮಗಳನ್ನು ದರದರ ಎಳೆದುಕೊಂಡು ದೂರ ಹೋದಳು.
ತಪ್ಪಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ.

ಅತ್ತೆಗೆ ಇದೊಂದೂ ಬೇಡ. ಹೊಂಗೆ ಮರದ ಬುಡದಲ್ಲಿ ಕಾಲು ಚಾಚಿ
ಬಂದವರ ಊರು ವಿಚಾರಿಸುತ್ತಾರೆ.
ಸೊರಬದ ಕಡೆಯವರು ಸಿಕ್ಕರೆ ಚಕ್ಕುಲಿ ಡಬ್ಬಿ ತೆರೆಯುತ್ತದೆ,
ಇಲ್ಲದಿದ್ದರೆ ನಮಗೂ ಇಲ್ಲ.

ಹೋದ ವಾರ ಎಡಗಡೆಯ ಉಯ್ಯಾಲೆಗೆ ಎಣ್ಣೆ ಬಿಟ್ಟ.
ಎರಡು ವರ್ಷದಿಂದ ಅದು ಕಿರ್ರೋ ಎನ್ನುತ್ತಿತ್ತು,
ನಾಲ್ಕು ಹನಿಗೆ ಬಾಯಿ ಮುಚ್ಚಿತು.
ಅಷ್ಟರಲ್ಲಿ ಅಫ್ನಾನ್ ಬಂದ.
ಗೇಟಿನಲ್ಲೇ ಅಜ್ಜನ ಬೆರಳು ಬಿಟ್ಟು
ನೆಟ್ಟಗೆ ಉಯ್ಯಾಲೆಗೇ ನಡೆಯುವ ಹುಡುಗ;
ಅವನಿಗೆ ಕಣ್ಣಿಲ್ಲವೆಂದು
ಎಷ್ಟೋ ವಾರ ನನಗೆ ಗೊತ್ತೇ ಆಗಿರಲಿಲ್ಲ.

ಅವತ್ತು ಮರಳಿನ ನಡುವೆ ನಿಂತುಬಿಟ್ಟ.
ಯಾರೋ ಜೀಕುತ್ತಲೇ ಇದ್ದರು, ಸದ್ದಿಲ್ಲದೆ,
ಅವನ ಮೂಗಿನಿಂದ ಎರಡು ಮೊಳ ಆಚೆ.
ಕಾವಲಿನ ಹುಚ್ರಾಯಪ್ಪ ಸೀಟಿ ಊದಿದ. ಅಜ್ಜ ಓಡಿದರು.
"ದಾದಾ, ಉಯ್ಯಾಲೆ ಕಿತ್ಕೊಂಡು ಹೋದ್ರಾ?"

ಇವನ ಕೈಯಲ್ಲಿ ಶೀಸೆ ಇನ್ನೂ ಇತ್ತು.

ರಾತ್ರಿ ಊಟಕ್ಕೆ ಕೂತವನು
ತಟ್ಟೆಯಂಚಿಗೆ ಚಮಚ ಬಡಿದು ಕಿವಿಗೊಟ್ಟ.
ಆಮೇಲೆ ಲೋಟಕ್ಕೆ. ಆಮೇಲೆ ಬೀಗಕ್ಕೆ.
"ಅನ್ನದ ಮುಂದೆ ಇದೇನೋ ತಾಳ" ಎಂದು ಅತ್ತೆ ಗದರಿದರು.

ಈ ಭಾನುವಾರ ಉಯ್ಯಾಲೆಯ ಸರಪಳಿಗೆ
ಮೂರು ವಾಷರು ಪೋಣಿಸಿದ್ದಾನೆ.
ಅಫ್ನಾನ್ ಗೇಟಿನಲ್ಲಿ ನಿಂತ, ಕತ್ತು ಓರೆ ಮಾಡಿದ.
ಬಂದ. ಹಿಡಿದ. ಕೂತ.
"ಇದು ಬೇರೇದು" ಎಂದ.
"ಅದೇ ಕಣೋ," ಇವನೆಂದ, "ದೊಡ್ಡದಾಗ್ತಾ ಇದೆ,
ಗಂಟಲು ಒಡೆದಿದೆ."
ಹುಡುಗ ಯೋಚಿಸಿದ. ತನ್ನ ಗಂಟಲು ಮುಟ್ಟಿ ನೋಡಿಕೊಂಡ.
ನೆಲ ಒದ್ದು ಮೇಲೆ ಹೋದ.

ಬಲಗಡೆಯದೂ ಈಗ ಕಿರ್ರೆನ್ನತೊಡಗಿದೆ.
ಎಣ್ಣೆ ಬಿಡುವುದಾದರೆ ಯಾರನ್ನು ಕೇಳಿ ಬಿಡುವುದೆಂದು
ಇವನು ಬೆಂಚಿನಲ್ಲಿ ಕೂತಿದ್ದಾನೆ,
ನಾನು ಕಂಡಂತೆ ಮೊದಲ ಸಲ.
ಹೊಂಗೆಯ ಬುಡದಿಂದ ಅತ್ತೆ ಕೂಗುತ್ತಿದ್ದಾರೆ:
ಅಫ್ನಾನನ ಅಜ್ಜ ಆನವಟ್ಟಿಯವರಂತೆ,
ಬೇಗ ಬನ್ನಿ, ಡಬ್ಬಿ ತೆರೆದಿದೆ.