ಹತ್ತೂವರೆ ಇಂಚು

ಶಾಲೆಯ ಗ್ಲೋಬು ಭೂಮಧ್ಯರೇಖೆಗೆ ಸರಿಯಾಗಿ ಬಾಯಿಬಿಟ್ಟಿತ್ತು.
ಸಂಜೆ ಅದನ್ನು ಕೈಚೀಲಕ್ಕೆ ತುರುಕಿ
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿಗೆ ಒಯ್ದೆ.
ಹೊಲೀಬೋದಾ, ಶೇಕ್ಷಾವಲಿ?
ಕಟಿಂಗ್ ಮಾಸ್ತರ ಕನ್ನಡಕ ಹಣೆಗೇರಿಸಿದ,
ಎರಡು ಅರ್ಧಗೋಳಗಳನ್ನೂ ಕಲ್ಲಂಗಡಿಯಂತೆ ತಟ್ಟಿ ನೋಡಿದ.
ರಟ್ಟು ಮೇಡಂ, ಸೂಜಿ ತಡಿಯಲ್ಲ. ಅಂಟು ಹಾಕಾನ.

ಒಣಗುವ ತನಕ ಬಟ್ಟೆಯ ತಾನಿನ ಮೇಲೆ ಕೂತೆ,
ತೊಡೆಯ ಮೇಲೆ ಎಂಟನೇ ತರಗತಿಯ ನೋಟುಬುಕ್ಕು.
ದಿಲ್ಲಿಯಿಂದ ವ್ಯಾಂಕೂವರಿಗೆ ಹೊರಟ ವಿಮಾನ
ತಾಸಿಗೆ ಎಂಟುನೂರ ಐವತ್ತು ಕಿಲೋಮೀಟರಿನಂತೆ ಹಾರಿದರೆ
ಮುಟ್ಟಲು ಎಷ್ಟು ಹೊತ್ತು?
ಗೋಡೆಯ ನಕಾಶೆಗೆ ಸ್ಕೇಲು ಹಚ್ಚಿ
ಇರಾನು, ಅಟ್ಲಾಂಟಿಕ್ಕು ಸೀಳಿಕೊಂಡು
ನೆಟ್ಟಗೆ ಗೀಟೆಳೆದಿದ್ದವು ಮಕ್ಕಳು.
ಇಪ್ಪತ್ತಾರು ತಾಸು.
ನಲವತ್ತು ಪುಸ್ತಕಕ್ಕೂ ನಾನು ರೈಟು ಹಾಕಿದ್ದೆ.

ಎಲ್ಲಿಂದ ಎಲ್ಲಿಗೆ, ಅಂದ.
ತೋರಿಸಿದೆ.
ನೀಲಿ ಹತ್ತಿದ ಹೆಬ್ಬೆರಳಲ್ಲಿ ದಿಲ್ಲಿಯನ್ನು ಅದುಮಿ
ಜೇಬಿಗೆ ಹೊಲಿಯುವ ಕಿತ್ತಳೆ ದಾರ ಎಳೆದು ಬಿಗಿದ.
ಸಡಿಲಿದ್ದಾಗ ಇರಾನಿನ ಮೇಲಿದ್ದ ದಾರ
ಬಿಗಿದಂತೆಲ್ಲ ತಾನಾಗಿ ಜಾರಿತು ಮೇಲಕ್ಕೆ,
ಹಿಮಾಲಯ ಹತ್ತಿತು, ಸೈಬೀರಿಯಾ ದಾಟಿತು,
ಧ್ರುವದ ಕಿವಿಯ ಹತ್ತಿರ ಸುಳಿದು
ಅಲಾಸ್ಕದ ಕಡೆಯಿಂದ ಇಳಿಯಿತು.
ಟೇಪು ಹಿಡಿದ. ಹತ್ತೂವರೆ ಇಂಚು.
ಮೂವತ್ತೆರಡರ ಸೊಂಟಕ್ಕೆ ಮುಂದಿನ ರೈಸು ಇಷ್ಟೇ ನೋಡ್ರಿ.
ಬಟ್ಟೆ ಚಪ್ಪಟೆ, ಮೈ ದುಂಡು.
ನೆಟ್ಟಗೆ ಕತ್ತರಿಸಿದ್ರೆ ಕೂತಾಗ ಹರೀತೈತೆ.

ಗೋಳದ ಸೊಂಟ ಮೂವತ್ತೇಳೂಮುಕ್ಕಾಲು,
ಅಷ್ಟಕ್ಕೆ ನಲವತ್ತು ಸಾವಿರ ಕಿಲೋಮೀಟರು;
ಇಂಚಿಗೆ ಸಾವಿರದ ಅರವತ್ತು.
ನೋಟುಬುಕ್ಕಿನ ಹಿಂದಿನ ರಟ್ಟಿನ ಮೇಲೆ ಗುಣಿಸಿದೆ, ಭಾಗಿಸಿದೆ.
ಹದಿಮೂರು ತಾಸು.
ಮತ್ತೆ ಭಾಗಿಸಿದೆ. ಹದಿಮೂರೇ.

ಬೆಳಗಿನ ಐದಕ್ಕೆ ಬಿಟ್ರೆ ಸಂಜೆ ಆರಕ್ಕೆ ಮುಟ್ತೈತಾ?
ಇಲ್ಲ, ಚಳಿಗಾಲದಲ್ಲಿ ಅಲ್ಲಿನ ಗಡಿಯಾರ
ಹದಿಮೂರೂವರೆ ತಾಸು ಹಿಂದೆ.
ಅದೇ ದಿನ ಬೆಳಗಿನ ನಾಲ್ಕೂವರೆಗೆ ಇಳಿಯುತ್ತೆ,
ಹೊರಟದ್ದಕ್ಕಿಂತ ಅರ್ಧ ತಾಸು ಮೊದಲು.

ಅವನು ನಗಲಿಲ್ಲ.
ಗೋಡೆಯ ಗಡಿಯಾರ ನೋಡಿದ,
ಆಳೆತ್ತರ ಪೇರಿಸಿದ ಕತ್ತರಿಸದ ಡೆನಿಮ್ ನೋಡಿದ.
ಪೀಸಿನ ಲೆಕ್ಕದಾಗೆ ದುಡಿಯೋನು ಅದರಾಗೆ ಕುಂತ್ರೆ
ಆ ಹದಿಮೂರು ತಾಸು ಯಾರ ಖಾತೆಗೆ ಬರೀತಾರೆ?
ಮೂಲೆಯಲ್ಲಿ ಹೆಚ್ಚಿನ ದಾರ ಕತ್ತರಿಸುತ್ತಿದ್ದ ಹುಲಿಗೆಮ್ಮ
ತಲೆ ಎತ್ತದೆ ಅಂದಳು:
ಮಿಕ್ಕಿದ್ದು ಅರ್ಧ ತಾಸು ಐತಲ್ಲ,
ನಿದ್ದೆ ಮಾಡ್ಲಿ ಬಿಡು.

ಕರೆಂಟು ಹೋಯಿತು. ಮಷಿನ್ನುಗಳು ಒಮ್ಮೆಗೇ ನಿಂತವು.
ಕತ್ತಲಲ್ಲಿ ಅಂಟಿನ ವಾಸನೆ,
ಎಲ್ಲೋ ಹೊರಗೆ ಮಿರ್ಚಿಯ ಎಣ್ಣೆ ಸಿಡಿಯುವ ಸದ್ದು.

ಅಂಟಿದ ಜಾಗದಲ್ಲಿ ಸುಮಾತ್ರಾ ಸ್ವಲ್ಪ ಮಡಿಚಿಕೊಂಡಿದೆ.
ದಾರ ಹಾಗೇ ಇದೆ, ಎರಡು ತುದಿಗೂ ಒಂದೊಂದು ಹನಿ ಅಂಟು.
ನಲವತ್ತು ರೈಟುಗಳನ್ನು ನಾಳೆ ಏನು ಮಾಡಲಿ?
ಎಷ್ಟಾಯ್ತು ಎಂದು ಪರ್ಸು ತೆಗೆದೆ.
ಆಲ್ಟರೇಶನ್ನಿಗೆ ಇಪ್ಪತ್ತು ಮೇಡಂ, ಅಂದ,
ಯಾರಿಗಾದ್ರೂ ಅಷ್ಟೇ.